250 ತಾಮ್ರದ ತಗಡು, ಒಬ್ಬ ಚಿತ್ರಗಾರ: ಕಲ್ಕತ್ತೆಯ ಸೋಲ್ವಿನ್ಸ್ ಪ್ರಕರಣ

1794ರಲ್ಲಿ ಕಲ್ಕತ್ತೆಯಲ್ಲಿ ಒಬ್ಬ ಚಿತ್ರಗಾರ ಒಂದು ಯೋಜನೆ ಪ್ರಕಟಿಸಿದ. ಇಲ್ಲಿನ ಜನರ ಕಸುಬು, ಉಡುಗೆ, ಗಾಡಿ, ದೋಣಿ, ವಾದ್ಯ, ಹಬ್ಬ ಎಲ್ಲವನ್ನೂ ತೋರಿಸುವ 250 ಬಣ್ಣದ ಅಚ್ಚುಚಿತ್ರ ಮಾಡುತ್ತೇನೆ, ಬೇಕಾದವರು ಚಂದಾದಾರರಾಗಿ ಅಂತ. ಒಂದಲ್ಲ, ಹತ್ತಲ್ಲ, 250. ಅದೂ ರಾಜರದ್ದಲ್ಲ, ಕೋಟೆಯದ್ದಲ್ಲ, ಯುದ್ಧದ್ದಲ್ಲ. ಅಗಸ, ಕುಂಬಾರ, ಅಂಬಿಗ, ಹುಕ್ಕಾ ಹೊತ್ತು ಸಾಹೇಬನ ಹಿಂದೆ ಓಡುವ ಆಳು, ಇಂಥವರದ್ದು.

ಆ ಚಿತ್ರಗಾರನ ಹೆಸರು ಫ್ರಾನ್ಸ್ವಾ ಬಾಲ್ತಜಾರ್ ಸೋಲ್ವಿನ್ಸ್. ನಮ್ಮಲ್ಲಿ ಈ ಹೆಸರು ಕೇಳಿದವರು ತೀರಾ ಕಡಿಮೆ. ಅದೇ ಕಾಲದಲ್ಲಿ ಭಾರತದ ನೋಟಗಳನ್ನು ಬರೆದ ಇಂಗ್ಲಿಷ್ ಚಿತ್ರಗಾರರು ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅಂದರೆ ತಿಳಿದವರು ಸಿಗುತ್ತಾರೆ, ಸೋಲ್ವಿನ್ಸ್ ಅಂದರೆ ಮಾತ್ರ ಮುಖ ನೋಡುತ್ತಾರೆ. ಈ ಬರಹ ಅವನೊಬ್ಬನ ಬಗ್ಗೆಯೇ. ಅವನು ಏನು ಮಾಡಿದ, ಯಾಕೆ ಎರಡು ಸಲ ಕೈ ಸುಟ್ಟುಕೊಂಡ, ಆ ಚಿತ್ರಗಳನ್ನು ಇವತ್ತು ನಾವು ಹೇಗೆ ನೋಡಬೇಕು ಅಂತ.

ಹುಟ್ಟಿದ್ದು 1760ರಲ್ಲಿ, ಆಂಟ್‌ವರ್ಪ್‌ನಲ್ಲಿ. ವ್ಯಾಪಾರಿಗಳ ಮನೆ. ಬೆಲ್ಜಿಯಂ ಅನ್ನುವ ದೇಶ ಆಗ ಇರಲೇ ಇಲ್ಲ, ಆ ಸೀಮೆ ಆಸ್ಟ್ರಿಯಾದ ಕೈಯಲ್ಲಿತ್ತು. ಸೋಲ್ವಿನ್ಸ್ ಬರೆಯುತ್ತಿದ್ದದ್ದು ಸಮುದ್ರ, ಬಂದರು, ಹಡಗು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1789ರಲ್ಲಿ ಅವನ ನಾಡಿನಲ್ಲಿ ಆಸ್ಟ್ರಿಯಾದ ವಿರುದ್ಧ ದಂಗೆ ಎದ್ದಿತು. ಮರುವರ್ಷ ಹೋಮ್ ಪೋಫಾಮ್ ಅನ್ನುವ ಇಂಗ್ಲಿಷ್ ನೌಕಾಧಿಕಾರಿಯ ಹಡಗು ಹತ್ತಿ ಹೊರಟ. 1791ರಲ್ಲಿ ಹೂಗ್ಲಿ ನದಿ ಸೇರಿ ಕಲ್ಕತ್ತೆಯಲ್ಲಿ ಇಳಿದ. ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ಇರಲಿಲ್ಲ. ಇಂಗ್ಲಿಷನೂ ಅಲ್ಲ.

ಆಗ ಕಲ್ಕತ್ತೆಗೆ ಬರುತ್ತಿದ್ದ ಯುರೋಪಿನ ಚಿತ್ರಗಾರರಿಗೆ ದುಡ್ಡು ಸಿಗುತ್ತಿದ್ದದ್ದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಕಂಪನಿಯ ಅಧಿಕಾರಿಗಳ, ಅವರ ಹೆಂಡಿರ, ನವಾಬರ ಭಾವಚಿತ್ರ ಬರೆಯುವುದು. ಇನ್ನೊಂದು, ಪಾಳುಬಿದ್ದ ಗುಡಿ, ಮಸೀದಿ, ಬೆಟ್ಟ, ಕೋಟೆಗಳ ಸುಂದರ ನೋಟ ಬರೆದು ಲಂಡನ್ನಿನಲ್ಲಿ ಅಚ್ಚು ಹಾಕಿಸುವುದು. ಇಲ್ಲಿ ನಮ್ಮ ನಾಡಿನ ಒಂದು ಉದಾಹರಣೆ ಹೇಳಲೇಬೇಕು. ಸೋಲ್ವಿನ್ಸ್ ಕಲ್ಕತ್ತೆಯಲ್ಲಿ ಇಳಿದ ವರ್ಷವೇ ರಾಬರ್ಟ್ ಹೋಮ್ ಅನ್ನುವ ಇಂಗ್ಲಿಷ್ ಚಿತ್ರಗಾರ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬೆಂಗಳೂರಿಗೆ ಬಂದಿದ್ದ. ಟಿಪ್ಪುವಿನ ವಿರುದ್ಧದ ಮೂರನೇ ಮೈಸೂರು ಯುದ್ಧದ ಕಾಲ. ಹೋಮ್ ಬರೆದ ಬೆಂಗಳೂರು, ಶ್ರೀರಂಗಪಟ್ಟಣದ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಗೆದ್ದವರಿಗೆ ಗೆದ್ದ ಜಾಗ ನೋಡುವ ಆಸೆ, ಅದಕ್ಕೆ ತಕ್ಕ ಚಿತ್ರ. ಆ ಕೋಟೆಯ ಒಳಗೆ ಸೌದೆ ಹೊತ್ತವಳು, ಎತ್ತಿಗೆ ಲಾಳ ಕಟ್ಟಿದವನು, ಪೇಟೆಯ ನೇಕಾರ, ಇವರ ಬದುಕು ಅಲ್ಲಿ ವಿಷಯವೇ ಅಲ್ಲ. ಅದೇ ಹೊತ್ತಿಗೆ ಕಲ್ಕತ್ತೆಯಲ್ಲಿ ಒಬ್ಬ ಅವರನ್ನೇ ವಿಷಯ ಮಾಡಿಕೊಂಡಿದ್ದ. ಮೈಸೂರು ಸೀಮೆಗೆ ಅಂಥ ಒಬ್ಬ ಆಗ ಸಿಗಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೋಲ್ವಿನ್ಸ್‌ಗೆ ಸಾಹೇಬರ ಭಾವಚಿತ್ರದ ಕೆಲಸ ಸಿಗಲಿಲ್ಲ. ಅವನು ಕೂಲಿ ಚಿತ್ರಗಾರನ ಹಾಗೆ ಬದುಕಿದ. ಹಳೆಯ ತೈಲಚಿತ್ರ ತೊಳೆದು ಸರಿಮಾಡಿದ, ಚಿತ್ರಕಲೆ ಪಾಠ ಹೇಳಿದ, ಸಾರೋಟು ತಯಾರಿಸುವ ಅಂಗಡಿಗೆ ಸಾರೋಟಿನ ಮೇಲೂ ಮೇನೆಯ ಮೇಲೂ ಅಲಂಕಾರ ಬರೆದುಕೊಟ್ಟ. ಸಾಹೇಬರ ಸಮಾಜದ ಅಂಚಿನಲ್ಲಿ ನಿಂತ ಮನುಷ್ಯ. ಇಡೀ ಪ್ರಕರಣದ ಕೀಲಿ ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ. ಮೇನೆಯ ಒಳಗೆ ಕೂತವನಿಗೆ ಹೊರುವವರ ಬೆನ್ನು ಕಾಣುತ್ತದೆ ಅಷ್ಟೇ. ಮೇನೆಗೆ ಬಣ್ಣ ಬಳಿಯುವವನಿಗೆ ಬೋಯಿಗಳು, ಬಡಗಿ, ಕಮ್ಮಾರ, ದರ್ಜಿ ಎಲ್ಲರ ಜೊತೆಗೂ ದಿನಾ ವ್ಯವಹಾರ. ಯಾವ ಮೇನೆಯ ಬೊಂಬು ಹೇಗೆ ಬಾಗಿರುತ್ತದೆ, ಯಾವುದಕ್ಕೆ ಎಷ್ಟು ಜನ ಬೇಕು, ಇದೆಲ್ಲ ಅವನಿಗೆ ಕೆಲಸದ ಭಾಗ. ಅವನ ಸಂಗ್ರಹದಲ್ಲಿ ಮೇನೆಗಳಿಗೇ ಒಂದು ಪ್ರತ್ಯೇಕ ಭಾಗ ಇರುವುದು ಆಶ್ಚರ್ಯ ಅಲ್ಲ ಅಲ್ವಾ?

ಇನ್ನೊಂದು ಪ್ರೇರಣೆ ಮೇಲಿನ ಕಡೆಯಿಂದ ಬಂತು. ವಿಲಿಯಂ ಜೋನ್ಸ್, ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶ, 1784ರಲ್ಲಿ ಏಷಿಯಾಟಿಕ್ ಸೊಸೈಟಿ ಶುರು ಮಾಡಿದವನು, ಸಂಸ್ಕೃತ ಕಲಿತು ಶಾಕುಂತಲವನ್ನು ಇಂಗ್ಲಿಷಿಗೆ ತಂದವನು. ಅವನ ಸುತ್ತ ಇದ್ದ ವಿದ್ವಾಂಸರ ಕುತೂಹಲ ಸೋಲ್ವಿನ್ಸ್‌ಗೂ ಹತ್ತಿತು. ಆದರೆ ಜೋನ್ಸ್ ಹಿಂದೂಗಳನ್ನು ಹುಡುಕಿದ್ದು ಮುಖ್ಯವಾಗಿ ಹಳೆಯ ಗ್ರಂಥಗಳಲ್ಲಿ. ಸೋಲ್ವಿನ್ಸ್ ಹುಡುಕಿದ್ದು ಬೀದಿಯಲ್ಲಿ, ನದಿಯ ಘಾಟಿನಲ್ಲಿ. ಜೋನ್ಸ್ 1794ರ ಏಪ್ರಿಲ್‌ನಲ್ಲಿ ತೀರಿಕೊಂಡ. ಯೋಜನೆ ಆಗಷ್ಟೇ ಹೊರಟಿತ್ತು.

ಈಗ ಕೆಲಸದ ಗಾತ್ರ ನೋಡಿ. ಅಚ್ಚುಚಿತ್ರ ಅಂದರೆ ಸುಮ್ನೆ ಕಾಗದದ ಮೇಲೆ ಬರೆದು ಮುಗಿಸುವುದಲ್ಲ. ತಾಮ್ರದ ತಗಡನ್ನು ಉಜ್ಜಿ ನಯ ಮಾಡಬೇಕು, ಮೇಣ ಸವರಬೇಕು, ಆ ಮೇಣವನ್ನು ಸೂಜಿಯಿಂದ ಗೀರುತ್ತಾ ಚಿತ್ರ ಬರೆಯಬೇಕು, ಅದೂ ಎಡಬಲ ತಿರುವುಮುರುವಾಗಿ. ಆಮೇಲೆ ಆಸಿಡ್‌ನಲ್ಲಿ ಅದ್ದಬೇಕು. ಗೀರಿದ ಕಡೆ ಮಾತ್ರ ತಾಮ್ರ ಸವೆದು ಗೆರೆ ಬೀಳುತ್ತದೆ. ಆ ಗೆರೆಗೆ ಮಸಿ ತುಂಬಿ, ಮೇಲಿನ ಮಸಿ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನಲ್ಲಿ ಒತ್ತಬೇಕು. ಕೊನೆಗೆ ಪ್ರತಿಯೊಂದು ಹಾಳೆಗೂ ಕೈಯಲ್ಲಿ ಬಣ್ಣ. ಒಂದು ತಗಡಿಗೆ ಇಷ್ಟು. ಅಂಥವು 250. ಬರೀ ನೂರು ಪ್ರತಿ ಅಂದುಕೊಂಡರೂ 25,000 ಹಾಳೆಗೆ ಬಣ್ಣ ಹಚ್ಚಬೇಕು. ತಗಡುಗಳನ್ನು ಸೋಲ್ವಿನ್ಸ್ ತಾನೇ ಕೊರೆದ, ಕಲ್ಕತ್ತೆಯ ಬಿಸಿಲು ಮಳೆಯಲ್ಲಿ ಕೂತು.

1796ರಲ್ಲಿ ಕೆಲವು ಪ್ರತಿ ಹೊರಬಂದವು, 1799ರಲ್ಲಿ ಇನ್ನಷ್ಟು. ಒಟ್ಟು ಹನ್ನೆರಡು ಭಾಗ. ಮೊದಲ ಭಾಗದಲ್ಲಿ ಜಾತಿಗಳು ಮತ್ತು ಅವರ ಕಸುಬುಗಳು, 66 ಚಿತ್ರ. ಆಮೇಲೆ ಯುರೋಪಿಯನ್ನರ ಮನೆಯ ಆಳುಗಳು, ಗಂಡಸರ ಉಡುಗೆ, ಹೆಂಗಸರ ಉಡುಗೆ, ಗಾಡಿಗಳು, ಮೇನೆಗಳು, ಫಕೀರರು, ದೋಣಿಗಳು, ಹೊಗೆ ಸೇದುವ ಬಗೆಗಳು, ವಾದ್ಯಗಳು, ಕೊನೆಗೆ ಹಬ್ಬ ಮತ್ತು ಆಚರಣೆಗಳು. ಹೊಗೆ ಸೇದುವುದಕ್ಕೇ ಒಂದು ಭಾಗ! ದೊಡ್ಡ ಹುಕ್ಕಾದಿಂದ ತೆಂಗಿನ ಚಿಪ್ಪಿನ ಬಡವರ ಹುಕ್ಕಾದವರೆಗೆ. ಇಷ್ಟು ಕ್ರಮವಾಗಿ, ಇಷ್ಟು ವಿಸ್ತಾರವಾಗಿ ಭಾರತದ ಒಂದು ಪ್ರದೇಶದ ಬದುಕನ್ನು ಅಚ್ಚುಚಿತ್ರದಲ್ಲಿ ಹಿಡಿದ ಯುರೋಪಿನ ಚಿತ್ರಗಾರ ಅವನಿಗಿಂತ ಮೊದಲು ಇರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ದೋಣಿಗಳು. ಹಡಗು ಬರೆದು ಪಳಗಿದ ಕೈ ಅಂತ ಮೊದಲೇ ಹೇಳಿದೆನಲ್ಲ, ಅದು ಇಲ್ಲಿ ಗೊತ್ತಾಗುತ್ತದೆ. ಮನುಷ್ಯರನ್ನು ಬರೆಯುವಾಗ ಅವನ ಕೈ ಸ್ವಲ್ಪ ಬಿಗಿ, ಕೆಲವು ಮೈಕಟ್ಟು ಮರದ ಗೊಂಬೆಯ ಹಾಗೆ ನಿಲ್ಲುತ್ತವೆ. ದೋಣಿಗೆ ಬಂದ ಕೂಡಲೇ ಆ ಬಿಗಿ ಹೋಗಿಬಿಡುತ್ತದೆ. ಸವಾರಿ ದೋಣಿಗಳು ಒಂದು ಕಡೆ, ಸರಕಿನ ದೋಣಿಗಳು ಇನ್ನೊಂದು ಕಡೆ. ಮೂತಿಗೆ ನವಿಲಿನ ಕತ್ತು ಇಟ್ಟ ಮಯೂರಪಂಖಿ, ಸಾಹೇಬರು ವಾರಗಟ್ಟಲೆ ಕೂತು ಮೇಲ್ನಾಡಿಗೆ ಹೋಗುತ್ತಿದ್ದ ಬಜ್ರಾ, ಸಪಾಟು ತಳದ ಪಟೇಲಾ, ಚಿಕ್ಕ ಡಿಂಗಿ. ಹುಟ್ಟು ಎಲ್ಲಿ, ಚುಕ್ಕಾಣಿ ಎಷ್ಟು ದೊಡ್ಡದು, ಅಂಬಿಗ ಎಲ್ಲಿ ನಿಲ್ಲುತ್ತಾನೆ, ಹಾಯಿ ಹೇಗೆ ಕಟ್ಟುತ್ತಾರೆ ಎಲ್ಲ ಸ್ಪಷ್ಟ. ಬಂಗಾಳ ನೀರಿನ ನಾಡು. ಆಗ ಅಕ್ಕಿ, ಉಪ್ಪು, ಬಟ್ಟೆ, ಮನುಷ್ಯ ಎಲ್ಲ ಸಾಗುತ್ತಿದ್ದದ್ದು ನದಿಯಲ್ಲೇ. 1830ರ ದಶಕದಲ್ಲಿ ಗಂಗೆಗೆ ಉಗಿ ದೋಣಿ ಬಂತು, 1854ರಲ್ಲಿ ಹೌರಾದಿಂದ ರೈಲು ಹೊರಟಿತು, ಒಂದೊಂದಾಗಿ ಆ ಹಳೆಯ ದೋಣಿಗಳು ಮರೆಯಾಗುತ್ತಾ ಹೋದವು. ದೋಣಿ ಕಟ್ಟುವವರು ನಕ್ಷೆ ಬರೆದು ಇಡುವವರಲ್ಲ, ಅಪ್ಪನ ಕೈ ನೋಡಿ ಮಗ ಕಲಿಯುತ್ತಿದ್ದ. ಆ ಕೈ ನಿಂತ ಮೇಲೆ ದೋಣಿಯ ರೂಪವೂ ಹೋಯಿತು. ಹಾಗಾಗಿ ಇವತ್ತು ಬಂಗಾಳದ ದೋಣಿಗಳ ಬಗ್ಗೆ ಕೆಲಸ ಮಾಡುವವರು ಈ ಹಾಳೆಗಳಿಗೆ ಬಂದೇ ಬರುತ್ತಾರೆ.

ವಾದ್ಯಗಳದ್ದೂ ಇದೇ ಕಥೆ. 36 ಚಿತ್ರ. ತಂಬೂರಿ, ಸಾರಂಗಿ, ಕಮಾನಿನಿಂದ ನುಡಿಸುವ ಸರಿಂದಾ, ಢಾಕ್ ಮತ್ತು ಖೋಲ್ ಅನ್ನುವ ಬಂಗಾಳದ ಚರ್ಮವಾದ್ಯಗಳು, ನಗಾರಿ, ಶಂಖ, ನಮ್ಮ ಕೊಂಬಿನ ಹಾಗಿರುವ ರಾಮಸಿಂಗಾ. ತಬಲಾ ಕೂಡ ಇದೆ, ಆಗಿನ್ನೂ ಅದು ಹೊಸ ವಾದ್ಯ. ವಾದ್ಯವನ್ನು ಮೇಜಿನ ಮೇಲೆ ಇಟ್ಟು ಬರೆದಿದ್ದರೂ ಒಂದು ದಾಖಲೆ ಆಗುತ್ತಿತ್ತು. ಇವನು ಹಾಗೆ ಮಾಡಲಿಲ್ಲ, ನುಡಿಸುವವನ ಕೈಯಲ್ಲೇ ಇಟ್ಟು ಬರೆದ. ಹಾಗಾಗಿ ವಾದ್ಯದ ಆಕಾರದ ಜೊತೆಗೆ ಅದನ್ನು ಹಿಡಿಯುವ ಬಗೆಯೂ ನಮಗೆ ಸಿಕ್ಕಿತು. ಸಂಗೀತ ಕಲಿತವರಿಗೆ ಗೊತ್ತು, ಹಿಡಿಯುವ ಬಗೆ ಬದಲಾದರೆ ನುಡಿಸುವ ಬಗೆಯೇ ಬದಲಾಗುತ್ತದೆ. ಧ್ವನಿಮುದ್ರಣ ಬರಲು ಇನ್ನೂ ಸುಮಾರು ಎಂಬತ್ತು ವರ್ಷ ಇದ್ದ ಕಾಲದಲ್ಲಿ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ.

ಆಳುಗಳ ಚಿತ್ರಗಳು ಬೇರೆ ರೀತಿಯಲ್ಲಿ ಕಾಡುತ್ತವೆ. ಮನೆವಾರ್ತೆ ನೋಡುವ ಖಾನ್ಸಾಮೆ, ಸುದ್ದಿ ಒಯ್ಯುವ ಹರಕಾರ, ಬೆಳ್ಳಿಕೋಲು ಹಿಡಿದು ಮುಂದೆ ನಡೆಯುವ ಚೋಬದಾರ, ದೋಬಿ, ಆಯಾ, ಹುಕ್ಕಾ ಬರ್ದಾರ. ಒಬ್ಬ ಸಾಹೇಬನ ಮನೆಗೆ ಇಷ್ಟು ಜನ, ಒಬ್ಬೊಬ್ಬರಿಗೂ ಒಂದೇ ಕೆಲಸ. ಹುಕ್ಕಾ ನೋಡಿಕೊಳ್ಳುವವನಿಗೆ ಹುಕ್ಕಾ ಬಿಟ್ಟರೆ ಬೇರೆ ಕೆಲಸ ಇಲ್ಲ. ಸಾಹೇಬರ ಭಾವಚಿತ್ರಗಳಲ್ಲೂ ಈ ಆಳುಗಳು ಇರುತ್ತಾರೆ, ಮೂಲೆಯಲ್ಲಿ, ಕತ್ತಲಲ್ಲಿ, ಅರ್ಧ ಮುಖ. ಸೋಲ್ವಿನ್ಸ್ ಸಾಹೇಬನನ್ನು ಚಿತ್ರದಿಂದ ತೆಗೆದುಬಿಟ್ಟ. ಇಡೀ ಹಾಳೆಗೆ ಆಳೇ ಒಡೆಯ. ಕಂಪನಿ ಸರ್ಕಾರದ ನಗರದಲ್ಲಿ ಕೂತು ಹೀಗೆ ಮಾಡುವುದು ಚಿಕ್ಕ ವಿಷಯ ಅಲ್ಲ.

ಆದರೆ ಹೆಸರಿಲ್ಲ. ಒಬ್ಬನಿಗೂ ಹೆಸರಿಲ್ಲ. ‘ದೋಬಿ’ ಅಂತ ಇದೆ, ಆ ದೋಬಿ ಯಾರು ಅಂತ ಇಲ್ಲ. ಅವನು ಎದುರಿಗೆ ನಿಂತಿದ್ದ, ಬಹುಶಃ ತಾಸುಗಟ್ಟಲೆ ನಿಂತಿದ್ದ, ಮುಖವೂ ಸಿಕ್ಕಿತು, ಹೆಸರು ಮಾತ್ರ ಹಾಳೆಗೆ ಬರಲಿಲ್ಲ. ಯಾಕೆಂದರೆ ಅವನನ್ನು ಬರೆದದ್ದು ಅವನಿಗಾಗಿ ಅಲ್ಲ, ದೋಬಿ ಅನ್ನುವ ಒಂದು ಜಾತಿಯ ಮಾದರಿಗಾಗಿ.

ಪ್ರಕರಣದ ಕಷ್ಟದ ಭಾಗ ಇಲ್ಲಿಂದ ಶುರು. ಮೊದಲ 66 ಚಿತ್ರಗಳನ್ನು ಸೋಲ್ವಿನ್ಸ್ ಮೇಲಿನಿಂದ ಕೆಳಕ್ಕೆ ಜೋಡಿಸಿದ. ಬ್ರಾಹ್ಮಣರಿಂದ ಶುರು. ಕಂಚುಗಾರ, ಶಂಖದ ಬಳೆ ಕೊರೆಯುವವ, ಕುಂಬಾರ, ಕಮ್ಮಾರ, ನೇಕಾರ, ಮೀನುಗಾರ ಎಲ್ಲ ಆಮೇಲೆ, ಅವರವರಿಗೆ ಗೊತ್ತುಮಾಡಿದ ಜಾಗದಲ್ಲಿ. ಈ ಕ್ರಮ ಯಾರು ಹೇಳಿದ್ದು? ಕೆಳಗೆ ಕೂರಿಸಿದವರನ್ನು ಕೇಳಿ ಮಾಡಿದ ಕ್ರಮ ಅಲ್ಲ ಅನ್ನುವುದು ನೋಡಿದರೇ ಗೊತ್ತಾಗುತ್ತದೆ. ಊರಿಂದ ಊರಿಗೆ ಜಾತಿಯ ಮೇಲು ಕೀಳಿನ ಲೆಕ್ಕ ಬದಲಾಗುತ್ತದೆ, ನಾವು ಮೇಲೆ ನೀವು ಕೆಳಗೆ ಅನ್ನುವ ಜಗಳ ಎಲ್ಲ ಕಡೆ ಇದ್ದೇ ಇತ್ತು, ಇದನ್ನು ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಾಳೆಗೆ ಒಂದು ನಂಬರು ಬಿದ್ದ ಕೂಡಲೇ ಆ ಜಗಳ ಮುಗಿದುಹೋದ ಹಾಗೆ ಕಾಣುತ್ತದೆ. ಅದು ಸುಳ್ಳು.

ಹೆಸರಿನ ವಿಷಯದಲ್ಲೂ ಒಂದು ತೊಡಕು. ಸಂಗ್ರಹದ ಹೆಸರಿನಲ್ಲಿ ಇರುವುದು ‘ಹಿಂದೂಗಳು’. ಆದರೆ ಸಾಹೇಬರ ಮನೆಯ ಖಾನ್ಸಾಮೆಗಳು, ನೀರು ಹೊರುವ ಭಿಸ್ತಿಗಳು, ಇವರಲ್ಲಿ ಬಹುಪಾಲು ಮುಸ್ಲಿಮರು. ಇಡೀ ಬಂಗಾಳವನ್ನು ಒಂದೇ ಮಾತಿನಲ್ಲಿ ಕಟ್ಟಿಬಿಡುವ ಅಭ್ಯಾಸ ಆ ಕಾಲದ ಯುರೋಪಿಯನ್ನರಿಗೆ ಇತ್ತು, ಇವನೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ.

ಮುಂದೆ ಬ್ರಿಟಿಷ್ ಸರ್ಕಾರ ಇದೇ ಕೆಲಸವನ್ನು ಕ್ಯಾಮೆರಾ ಹಿಡಿದು ಮಾಡಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಭಾರತದ ಜನರ ಫೋಟೋಗಳು ಬಂದವು, ಒಂದೊಂದು ಗುಂಪಿಗೂ ಒಂದೊಂದು ಗುಣದ ಚೀಟಿ ಅಂಟಿಸಿ, ಇವರು ನಂಬಿಕಸ್ತರು, ಇವರು ಕಳ್ಳರು ಅನ್ನುವ ಧಾಟಿಯಲ್ಲಿ. ಅದು ಸರ್ಕಾರದ ಕೆಲಸ, ಸೋಲ್ವಿನ್ಸನದ್ದು ಒಬ್ಬಂಟಿ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ಆದರೂ ಒಬ್ಬ ಮನುಷ್ಯನನ್ನು ಜಾತಿಯ ಮಾದರಿಯಾಗಿ ನಿಲ್ಲಿಸುವ ದಾರಿ ಇಬ್ಬರದ್ದೂ ಒಂದೇ.

ಹಬ್ಬಗಳ ಭಾಗದಲ್ಲಿ ದುರ್ಗಾಪೂಜೆ ಇದೆ, ಚರಕ್ ಪೂಜೆಯೂ ಇದೆ. ಚರಕ್ ಅಂದರೆ ಬೆನ್ನಿಗೆ ಕೊಕ್ಕೆ ಚುಚ್ಚಿಸಿಕೊಂಡು ಎತ್ತರದ ಕಂಬದಿಂದ ತೂಗಿ ಸುತ್ತುವುದು, ನಮ್ಮ ಕಡೆಯ ಸಿಡಿ ಆಡುವುದರ ಹಾಗೆಯೇ. ಸಿಡಿಯ ಕಥೆ ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಆ ಚಿತ್ರ ನೋಡಿದರೆ ಮೈ ಜುಮ್ಮೆನ್ನುತ್ತದೆ. ಸತಿಯ ಚಿತ್ರಗಳೂ ಇವೆ. ಗವರ್ನರ್ ಜನರಲ್ ಬೆಂಟಿಂಕ್ ಸತಿ ಪದ್ಧತಿಯನ್ನು ನಿಷೇಧಿಸಿದ್ದು 1829ರಲ್ಲಿ. ಸೋಲ್ವಿನ್ಸ್ ಬರೆದದ್ದು ಅದಕ್ಕಿಂತ ಮೂವತ್ತು ವರ್ಷ ಮೊದಲು. ಇಂಥ ದೃಶ್ಯಗಳಿಗೆ ಯುರೋಪಿನಲ್ಲಿ ಯಾವಾಗಲೂ ಬೇಡಿಕೆ ಇತ್ತು, ಹಾಗಾಗಿ ಈ ಭಾಗವನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ದೋಣಿ ಬರೆದಾಗ ಅವನಿಗೆ ಯಾರ ಒತ್ತಾಯವೂ ಇರಲಿಲ್ಲ.

ಹಣದ ಲೆಕ್ಕದಲ್ಲಿ ಕಲ್ಕತ್ತೆಯ ಸಂಗ್ರಹ ಸೋತಿತು. ಕಾರಣ ಹುಡುಕುವುದು ಕಷ್ಟ ಅಲ್ಲ. ಕೊಳ್ಳಬೇಕಾದವರು ಅಲ್ಲಿನ ಯುರೋಪಿಯನ್ನರು. ಅವರಿಗೆ ಊರಿಗೆ ಕೊಂಡೊಯ್ಯಲು ಚಂದದ ನೋಟ ಬೇಕಿತ್ತು. ದಿನಾ ಬೆಳಗ್ಗೆ ತಮ್ಮ ಬಟ್ಟೆ ಒಗೆಯುವವನ ಚಿತ್ರಕ್ಕೆ ದುಡ್ಡು ಕೊಡುವುದು ಯಾಕೆ ಅನ್ನಿಸಿರಬೇಕು. ಜೊತೆಗೆ ಸೋಲ್ವಿನ್ಸನ ಬಣ್ಣ ಮಂಕು. ಮಣ್ಣಿನ ಬಣ್ಣ, ಬೂದಿ ಬಣ್ಣ, ಒಣಹುಲ್ಲಿನ ಬಣ್ಣ. ಗೆರೆಗಳು ಒರಟು. ಆಗಿನ ಲಂಡನ್ನಿನ ನಯವಾದ ಅಚ್ಚಿನ ಪಕ್ಕ ಇಟ್ಟರೆ ಬಡಪಾಯಿಯ ಹಾಗೆ ಕಾಣುತ್ತಿತ್ತು.

ಇದಕ್ಕೆ ಸಾಕ್ಷಿ ಬೇಕಾದರೆ ಮುಂದೆ ಆದದ್ದು ನೋಡಿ. ಸೋಲ್ವಿನ್ಸ್ 1803ರಲ್ಲಿ ಕಲ್ಕತ್ತೆ ಬಿಟ್ಟ. ಅವನು ಯುರೋಪ್ ಸೇರಿದ ಹೊತ್ತಿಗೆ, 1804–05ರಲ್ಲಿ, ಲಂಡನ್ನಿನ ಎಡ್ವರ್ಡ್ ಓರ್ಮ್ ಅನ್ನುವ ಪ್ರಕಾಶಕ ಅವನ 60 ಚಿತ್ರಗಳನ್ನು ಕೇಳದೆಯೇ ತೆಗೆದುಕೊಂಡು ಹೊಸದಾಗಿ ಬರೆಸಿ ಅಚ್ಚು ಹಾಕಿದ. ಗೆರೆ ನಯ ಮಾಡಿಸಿದ, ಬಣ್ಣ ಗಾಢ ಮಾಡಿಸಿದ, ಮೈಕಟ್ಟು ತಿದ್ದಿಸಿದ. ಎರಡೂ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಬೇಜಾರಾಗುತ್ತದೆ. ಓರ್ಮ್‌ನ ಹಾಳೆಯಲ್ಲಿ ಎಲ್ಲರೂ ಈಗ ತಾನೇ ಸ್ನಾನ ಮಾಡಿ ಹೊಸ ಬಟ್ಟೆ ಉಟ್ಟವರ ಹಾಗೆ ಇದ್ದಾರೆ. ಸೋಲ್ವಿನ್ಸನ ಹಾಳೆಯಲ್ಲಿ ದುಡಿದವರ ಮೈ ಇದೆ, ಹಿಂದೆ ಗುಡಿಸಲು ಇದೆ, ಧೂಳು ಇದೆ. ಕೊಳ್ಳುವವರಿಗೆ ಬೇಡವಾದದ್ದು ಆ ಧೂಳೇ. ಇವತ್ತು ನನ್ನನ್ನು ಆ ಹಾಳೆಗಳ ಮುಂದೆ ಹಿಡಿದು ನಿಲ್ಲಿಸುವುದೂ ಅದೇ.

ಅವನು ಅಲ್ಲಿಗೇ ಬಿಡಲಿಲ್ಲ. ಪ್ಯಾರಿಸ್‌ನಲ್ಲಿ ಕೂತು ಮತ್ತೆ ಶುರು ಮಾಡಿದ. ಹೆಂಡತಿ ಮೇರಿ ಆನ್ ಗ್ರೀನ್‌ವುಡ್, ಗೆಂಟ್ ಊರಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಕುಟುಂಬದವಳು, ಅವಳ ಹಣ ಇದರಲ್ಲಿ ಹೋಯಿತು. ತಗಡುಗಳನ್ನು ಎಲ್ಲ ಹೊಸದಾಗಿ ಕೊರೆದ. 1808ರಿಂದ 1812ರ ಒಳಗೆ ನಾಲ್ಕು ದೊಡ್ಡ ಸಂಪುಟ, 288 ಚಿತ್ರ, ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ವಿವರಣೆ. ಕಲ್ಕತ್ತೆಯ ಸಂಗ್ರಹಕ್ಕಿಂತ ಕೆಲಸ ಎಷ್ಟೋ ಚೊಕ್ಕ, ಗುಂಪಿನ ದೃಶ್ಯಗಳು ತುಂಬಾ ಜೀವಂತ. ಆದರೆ ಯುರೋಪ್ ತುಂಬ ನೆಪೋಲಿಯನ್ನನ ಯುದ್ಧ. ಇಂಗ್ಲಿಷ್ ಓದುಗರಿಗಾಗಿ ಇಂಗ್ಲಿಷಿನಲ್ಲೂ ಬರೆಸಿದ, ಆ ಓದುಗರೇ ಶತ್ರುದೇಶದವರು. ಪುಸ್ತಕ ದುಬಾರಿ, ಕೊಳ್ಳುವವರು ಇಲ್ಲ. ಎರಡನೇ ಸಲವೂ ಸೋಲು.

ನೆಪೋಲಿಯನ್ ಬಿದ್ದ ಮೇಲೆ ಅವನ ಊರು ಹೊಸ ನೆದರ್‌ಲ್ಯಾಂಡ್ಸ್ ರಾಜ್ಯಕ್ಕೆ ಸೇರಿತು. ದೊರೆ ಮೊದಲನೇ ವಿಲಿಯಂ ಅವನನ್ನು ಆಂಟ್‌ವರ್ಪ್ ಬಂದರಿನ ಕ್ಯಾಪ್ಟನ್ ಆಗಿ ನೇಮಿಸಿದ. ಹಡಗು ಬರೆಯುತ್ತಾ ಬೆಳೆದವನು ಕೊನೆಗೆ ಹಡಗುಗಳ ಮಧ್ಯೆಯೇ ಸೇರಿಕೊಂಡ. 1824ರಲ್ಲಿ ತೀರಿಕೊಂಡ. ಅವನ ಮೂಲ ಚಿತ್ರಗಳ ದೊಡ್ಡ ಗಂಟು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಸೋಲ್ವಿನ್ಸನ ಕಣ್ಣು ಒಂದು, ಅವನ ಪಟ್ಟಿ ಇನ್ನೊಂದು. ಕಣ್ಣು ಕೆಲಸಗಾರನದ್ದು. ಅದು ಹಗ್ಗದ ಗಂಟು, ಹುಟ್ಟಿನ ಉದ್ದ, ತಾಳ ಹಿಡಿದ ಬೆರಳು, ಸೊಂಟಕ್ಕೆ ಬಟ್ಟೆ ಸುತ್ತಿದ ಬಗೆ ಎಲ್ಲವನ್ನೂ ಕಂಡಿತು. ಪಟ್ಟಿ ಎರವಲು ತಂದದ್ದು. ಮೇಲು ಕೀಳು ಮೊದಲೇ ಗೊತ್ತು ಅಂದುಕೊಂಡು ಅದಕ್ಕೆ ತಕ್ಕ ಹಾಗೆ ಜನರನ್ನು ನಿಲ್ಲಿಸಿತು. ಜಾತಿಯ ಇತಿಹಾಸಕ್ಕೆ ಈ ಹಾಳೆಗಳನ್ನು ನೇರ ಸಾಕ್ಷಿ ಅಂತ ಬಳಸುವವರನ್ನು ಕಂಡರೆ ನನಗೆ ಭಯ. ಹಾಗಂತ ಪಟ್ಟಿಯ ಕಾರಣಕ್ಕೆ ಇಡೀ ಸಂಗ್ರಹವನ್ನೇ ವಸಾಹತುಶಾಹಿ ಕಸ ಅಂತ ತಳ್ಳಿಹಾಕುವವರ ಮಾತನ್ನೂ ಒಪ್ಪಲಾರೆ. ಆ ಅಂಬಿಗನ ಬೇರೆ ಚಿತ್ರ ನಮ್ಮ ಹತ್ತಿರ ಇಲ್ಲ.

ಹಾಗಾಗಿ ಯಾರಾದರೂ ಈ ಚಿತ್ರಗಳನ್ನು ನೋಡಲು ಹೊರಟರೆ ನಾನು ಹೇಳುವುದು, ಅವನು ಜೋಡಿಸಿದ ಕ್ರಮದಲ್ಲಿ ನೋಡಬೇಡಿ. ದೋಣಿಗಳಿಂದ ಶುರು ಮಾಡಿ. ಒಂದೊಂದು ದೋಣಿಯಲ್ಲೂ ಎಷ್ಟು ಜನ, ಯಾರ ಕೈಯಲ್ಲಿ ಏನಿದೆ ಅಂತ ಎಣಿಸಿ. ಆಮೇಲೆ ವಾದ್ಯಗಳಿಗೆ ಬನ್ನಿ, ಆಮೇಲೆ ಆಳುಗಳಿಗೆ. ಆ 66 ಚಿತ್ರಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಕಣ್ಣು ಪಳಗಿರುತ್ತದೆ. ನಂಬರು ಬಿಟ್ಟು ಕೈ ನೋಡುತ್ತೀರಿ, ಕಂಚುಗಾರನ ಕೈ, ನೇಕಾರನ ಕೈ, ಕುಂಬಾರನ ಕೈ.